ಜಂಗು ಹತ್ತದ ಕಿಸೆಚಾಕು

ಮನೆಗೆ ಎತ್ತು ತರಬೇಕಾದರೆ ಹಲ್ಲು ನೋಡಿ, ಸುಳಿ ನೋಡಿ, ನಾಲ್ವರು ಹಿರಿಯರನ್ನು ಕೇಳಿ ತರುವೆವು. ಸೀರೆ ಕೊಳ್ಳಬೇಕಾದರೆ ಸೆರಗನ್ನು ಬಿಸಿಲಿಗೆ ಹಿಡಿದು ನೂಲಿನ ಗುಣ ನೋಡುವೆವು. ಗಡಿಗೆಯನ್ನು ಕೂಡ ಬೆರಳಿನಿಂದ ಬಾರಿಸಿ ನಾದ ಕೇಳದೆ ಕೊಳ್ಳುವದಿಲ್ಲ. ಆದರೆ ಚಾಕುವೊಂದನ್ನು ಕೊಳ್ಳುವಾಗ ಮಾತ್ರ ನಮ್ಮ ಈ ಜಾಣತನವೆಲ್ಲವೂ ಎಲ್ಲಿಯೋ ಅಡಗಿಹೋಗುವದು. ಜಾತ್ರೆಯ ಅಂಗಡಿಯಲ್ಲಿ ಅಲಗು ಥಳಥಳಿಸಿತೆಂದರೆ ಸಾಕು, ಅದನ್ನು ಕಿಸೆಗೆ ಇಳಿಸಿಬಿಡುವೆವು. ಇಂಥ ಅವಿಚಾರದ ಫಲವನ್ನು ನಾವೇ ಒಮ್ಮೆ ಉಂಡಿರುವದರಿಂದ ಈ ಸಣ್ಣ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಧೈರ್ಯಮಾಡಿದ್ದೇವೆ.

ಕೆಲವು ವರ್ಷಗಳ ಹಿಂದಿನ ಮಾತು. ಇಂಡಿಯ ಸಮೀಪದ ಒಂದು ಲಿಂಬೆಯ ತೋಟದಲ್ಲಿ ನಾವು ಕಾಯಿ ಆರಿಸುವ ಕೆಲಸವನ್ನು ನೋಡುತ್ತ ಕುಳಿತಿದ್ದೆವು. ಗಿಡಕ್ಕೆ ಕಟ್ಟಿದ್ದ ಆಕಳ ಕರುವೊಂದು ಬೊಡ್ಡೆಯನ್ನು ಎರಡು ಮೂರು ಸುತ್ತು ಸುತ್ತಿ, ಕಾಲು ಜಾರಿ ಪಕ್ಕದ ನೀರಗಾಲುವೆಯಲ್ಲಿ ಬಿದ್ದುಬಿಟ್ಟಿತು. ಹಗ್ಗವು ಕೊರಳಿಗೆ ಬಿಗಿದು ಅದರ ಕಣ್ಣು ಮೇಲಾದವು. ನಾವು ಓಡಿಹೋಗಿ ಕಿಸೆಯಿಂದ ಚಾಕು ತೆಗೆದೆವು. ತೆಗೆದೆವು ನಿಜ, ಆದರೆ ಬಿಚ್ಚಲು ಬಾರದು! ಉಗುರು ಸಿಕ್ಕಿಸುವ ಗೀರಿನಲ್ಲಿ ಉಗುರಿಟ್ಟು ಎಳೆದರೆ ಉಗುರೇ ಮುರಿಯಿತು. ಅಷ್ಟರಲ್ಲಿ ಕಾಯಿ ಆರಿಸುತ್ತಿದ್ದ ಮುದುಕಿಯೊಬ್ಬಳು ಕುಡಗೋಲು ಹಿಡಿದು ಬಂದು ಒಂದೇ ಏಟಿಗೆ ಹಗ್ಗ ಹರಿದಳು. ಕರು ಬದುಕಿತು, ಅದರ ಕೊರಳಿನ ಗೀರು ಮಾತ್ರ ಬಹಳ ದಿನ ಉಳಿಯಿತು.

ಮರುದಿನ ಆ ಚಾಕುವನ್ನು ಕಂಬಾರನ ಮುಂದಿಟ್ಟೆವು. ಆತನು ಕೀಲಿನ ಮೊಳೆಯನ್ನು ಬಡಿದು ತೆಗೆದು, ಒಳಗಿನ ಕೆಂಪು ಹಿಟ್ಟನ್ನು ಅಂಗೈಯಲ್ಲಿ ಉದುರಿಸಿ ತೋರಿಸಿ, “ಅಲಗೇನೋ ಛಲೋ ಐತ್ರಿ. ಕೀಲಿಗೆ, ಒಳಗಿನ ಸ್ಪ್ರಿಂಗಿಗೆ ಹಾಳ ಕಬ್ಬಿಣ ಹಾಕ್ಯಾರ” ಎಂದನು. ಅಲಗಿನ ಮೇಲೆ ಜಂಗಿನ ಒಂದು ಚುಕ್ಕೆಯೂ ಇರಲಿಲ್ಲ. ರೋಗವಿದ್ದದ್ದು ಹೊಟ್ಟೆಯಲ್ಲಿ. ಮಡಚುವ ಚಾಕುವನ್ನು ಹೊಳಪು ನೋಡಿ ಕೊಳ್ಳಬಾರದೆಂಬ ಪಾಠವನ್ನು ನಾವು ಕಲಿತದ್ದು ಅಂದಿನಿಂದ.

“ನಮ್ಮದು ಒಣ ಸೀಮೆ, ಜಂಗಿನ ಚಿಂತೆ ಕಡಲ ದಂಡೆಯವರಿಗೆ” ಎಂದು ಕೆಲವರು ಅನ್ನಬಹುದು. ವಿಜಯಪುರದ ಉಪ್ಲಿ ಬುರುಜಿನ ಮೇಲೆ ಕಬ್ಬಿಣದ ಪಟ್ಟಿಗಳಿಂದ ಕಟ್ಟಿದ ಉದ್ದನೆಯ ತೋಪು ಶತಮಾನಗಳ ಬಿಸಿಲು ಮಳೆಗಳನ್ನು ಸಹಿಸಿಕೊಂಡು ಬಿದ್ದಿರುವದನ್ನು ಕಂಡವರಿಗೆ ಹಾಗೆ ಅನಿಸುವದು ಸಹಜವೇ. ಆದರೆ ಗೇಣುದಪ್ಪದ ತೋಪು ಸವೆಯುವದಕ್ಕೂ ಕೂದಲೆಳೆಯಷ್ಟು ತೆಳ್ಳಗಿನ ಚಾಕುವಿನ ಬಾಯಿ ಸವೆಯುವದಕ್ಕೂ ಬಹಳ ಅಂತರವಿದೆ. ಅಲ್ಲದೆ ನಮ್ಮ ಸೀಮೆಯಲ್ಲಿ ಮಳೆ ಕಡಿಮೆಯಾದರೂ ಕಬ್ಬಿಣದ ವೈರಿಗಳು ಕಡಿಮೆಯಿಲ್ಲ. ಮೊದಲನೆಯ ವೈರಿ ನಮ್ಮ ಹೆಮ್ಮೆಯ ಲಿಂಬೆಯೇ. ಲಿಂಬೆಯ ರಸದಲ್ಲಿ ಸಿಟ್ರಿಕ್ ಆಮ್ಲವು ನೂರಕ್ಕೆ ಸುಮಾರು ೬ರಿಂದ ೮ ಪಾಲು ಇರುವದು. ಸಾದಾ ಉಕ್ಕಿನ ಅಲಗಿನಿಂದ ಹಣ್ಣನ್ನು ಹೆಚ್ಚಿದರೆ ಕೆಲವೇ ನಿಮಿಷಗಳಲ್ಲಿ ಅಲಗು ಕಪ್ಪಡರುವದಲ್ಲದೆ ಹೋಳಿಗೂ ಕಬ್ಬಿಣದ ಒಗರು ಹತ್ತುವದು. ಎರಡನೆಯ ವೈರಿ ಉಪ್ಪುನೀರು. ಜತ್ತದ ಕಡೆಯಲ್ಲಿ ಹುಟ್ಟಿ ನಮ್ಮ ಜಿಲ್ಲೆಯ ನಡುವೆ ಹರಿದು ಕೃಷ್ಣೆಯನ್ನು ಕೂಡುವ ಡೋಣಿಯ ನೀರು ಸವುಳೆಂಬುದು ಸರ್ವಶ್ರುತವಾಗಿದೆ. ಡೋಣಿ ಹರಿದರೆ ಓಣಿಯೆಲ್ಲ ಜೋಳವೆಂಬ ಗಾದೆ ಸುಳ್ಳಲ್ಲ. ಆದರೆ ಆ ನೀರಿನಲ್ಲಿ ತೊಳೆದ ಚಾಕುವನ್ನು ಹಾಗೆಯೇ ಮಡಚಿಟ್ಟರೆ ಅದರ ಕೀಲಿಗೆ ಉಪ್ಪು ಉಣಿಸಿದಂತೆಯೇ ಸರಿ. ಅನೇಕ ಬಾವಿ, ಬೋರುಗಳ ನೀರಿಗೂ ಈ ಗುಣವುಂಟು. ಮೂರನೆಯ ವೈರಿ ನಮ್ಮದೇ ಬೆವರು. ಬೇಸಿಗೆಯ ದುಡಿತದಲ್ಲಿ ಅಂಗಿಯ ಮೇಲೆ ಉಪ್ಪಿನ ಬಿಳಿಯ ಗೆರೆಗಳೇಳುವದನ್ನು ಯಾರು ಕಂಡಿಲ್ಲ? ಕಿಸೆಯೊಳಗಿನ ಚಾಕುವು ಆ ಉಪ್ಪಿನಲ್ಲಿಯೇ ದಿನವೆಲ್ಲ ನೆನೆಯುತ್ತಿರುವದು.

ಇದಲ್ಲದೆ ಇನ್ನೊಂದು ಕಾರಣವೂ ಇದೆ. ಆಲಮಟ್ಟಿಯ ಹಿನ್ನೀರಿನಲ್ಲಿ ತೆಪ್ಪ ಹಾಕಿ ಮೀನು ಹಿಡಿದು ಹೊಟ್ಟೆ ಹೊರೆಯುವವರು ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಕಡೆಗೆ ಇದ್ದಾರೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಗಂಡುಮಕ್ಕಳು ದುಡಿಮೆಗಾಗಿ ಕರಾವಳಿಗೆ ಹೋಗಿ, ಮಲ್ಪೆ ಮಂಗಳೂರುಗಳ ಬಂದರುಗಳಲ್ಲಿ ಬಲೆ ಎಳೆಯುತ್ತಾರೆ, ಬುಟ್ಟಿ ಹೊರುತ್ತಾರೆ. ಸಮುದ್ರದ ನೀರಿನಲ್ಲಿ ನೂರಕ್ಕೆ ಸುಮಾರು ೩½ ಪಾಲು ಉಪ್ಪು. ದೋಣಿಯ ಮೇಲೆ ನೈಲಾನಿನ ಬಲೆ ಕಾಲಿಗೆ ಸುತ್ತಿಕೊಂಡಾಗ ಅದನ್ನು ಹರಿಯಲು ಮುದುಕಿಯ ಕುಡಗೋಲು ಅಲ್ಲಿ ಬರಲಾರದು. ಅಲ್ಲಿ ಚಾಕು ಬಿಚ್ಚದಿದ್ದರೆ ಹೋಗುವದು ಕರುವಲ್ಲ, ಮಗನು. ಊರಿನಿಂದ ಹೊರಡುವ ಮಗನ ಗಂಟಿನಲ್ಲಿ ರೊಟ್ಟಿ, ಶೇಂಗಾದ ಹಿಂಡಿಗಳ ಜೊತೆಗೆ ಒಂದು ಒಳ್ಳೆಯ ಚಾಕುವನ್ನೂ ಇಡುವ ತಂದೆಯು ಅದನ್ನು ಪರೀಕ್ಷಿಸಿ ಇಡಬೇಕು.

ಹಾಗಾದರೆ ಜಂಗು ಹತ್ತದ ಲೋಹ ಯಾವದು? ವಿಜಯಪುರದ ಮುಲುಕ್‌ಮೈದಾನ ತೋಪು ೧೫೪೯ರಲ್ಲಿ ಎರಕಹೊಯ್ದದ್ದು. ಅದು ಇಂದಿಗೂ ಕೆಂಪುಜಂಗು ಕಾಣದೆ ನಿಂತಿದೆ. ಯಾಕಂದರೆ ಅದು ಕಂಚಿನದು. ಆದರೆ ಕಂಚಿನ ಚಾಕುವಿಗೆ ಹರಿತವು ಹೆಚ್ಚು ಕಾಲ ನಿಲ್ಲದು. ಟೈಟಾನಿಯಮ್ ಎಂಬ ಲೋಹಕ್ಕೂ ಕಡಲ ಉಪ್ಪು ಏನೂ ಮಾಡಲಾರದು. ಅದರ ಬಾಯಿಯೂ ಬೇಗನೆ ಮೊಂಡಾಗುವದು. ಹರಿತ ಬೇಕೆಂದರೆ ಉಕ್ಕೇ ಆಗಬೇಕು. ಉಕ್ಕಿಗೆ ಬಿರುಸು ಬರುವದು ಅದರಲ್ಲಿಯ ಇಂಗಾಲದಿಂದ. ಜಂಗನ್ನು ತಡೆಯುವ ಶಕ್ತಿ ಬರುವದು ಕ್ರೋಮಿಯಮ್ ಎಂಬ ಲೋಹದ ಬೆರಕೆಯಿಂದ. ಉಕ್ಕಿನಲ್ಲಿ ಕ್ರೋಮಿಯಮ್ ನೂರಕ್ಕೆ ೧೦½ ಪಾಲಿಗಿಂತ ಮೇಲಿದ್ದರೆ ಅದು ಗಾಳಿಯೊಳಗಿನ ಆಮ್ಲಜನಕದೊಡನೆ ಕೂಡಿ, ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪೊರೆಯೊಂದನ್ನು ಅಲಗಿನ ಮೇಲೆ ಹೊದಿಸುವದು. ಪೊರೆಯು ಗೀರಿಹೋದರೆ ಗಾಳಿ ತಾಗಿದೊಡನೆ ಮತ್ತೆ ತಾನೇ ಬೆಳೆಯುವದು. ಉಪ್ಪು ಈ ಪೊರೆಯನ್ನು ಅಲ್ಲಲ್ಲಿ ಚುಚ್ಚಿ ಸಣ್ಣ ಸಣ್ಣ ಕುಳಿಗಳನ್ನು ತೋಡುವದು. ಗಾಳಿಯಾಡದ ಇರುಕಿನಲ್ಲಿ ಪೊರೆಯು ಮತ್ತೆ ಬೆಳೆಯಲಾರದು. ಮಡಚುವ ಚಾಕುವಿನ ಹೊಟ್ಟೆಯೆಂದರೆ ಅಂಥ ಇರುಕೇ. ಕೆಸರು, ಹಸಿ, ಉಪ್ಪು ಎಲ್ಲವೂ ಬಂದು ತಂಗುವ ಸ್ಥಳವದು. ನಮ್ಮ ಚಾಕುವಿನ ಅಲಗು ಉಳಿದು ಕೀಲು ಕೆಟ್ಟ ಗುಟ್ಟು ಇದರಲ್ಲಿದೆ.

ಈ ಉಕ್ಕಿನ ಹುಟ್ಟಿನಲ್ಲಿ ಲಿಂಬೆಗೂ ಒಂದು ಪಾತ್ರವಿರುವದು ನಮ್ಮ ಸೀಮೆಯವರಿಗೆ ಸಂತೋಷದ ಸಂಗತಿ. ಇಂಗ್ಲಂಡದ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬವನು ಬಂದೂಕಿನ ನಳಿಗೆಗಳು ಬೇಗನೆ ಸವೆಯದಂತೆ ಮಾಡುವ ಉಕ್ಕನ್ನು ಹುಡುಕುತ್ತ, ೧೯೧೩ರಲ್ಲಿ ಸುಮಾರು ೧೩ ಪಾಲು ಕ್ರೋಮಿಯಮ್ ಬೆರೆಸಿದ ಉಕ್ಕನ್ನು ಎರೆದನು. ಅದು ಆಮ್ಲಗಳಿಗೆ ಜಗ್ಗದಿರುವದನ್ನು ಕಂಡು ವಿನೆಗರ್, ಲಿಂಬೆರಸಗಳಂಥ ಅಡಿಗೆಮನೆಯ ಹುಳಿಗಳಿಂದಲೂ ಪರೀಕ್ಷಿಸಿ, ಇದು ಊಟದ ಚಾಕುಗಳಿಗೆ ತಕ್ಕದ್ದೆಂದು ನಿಶ್ಚಯಿಸಿದನು. ಆ ಊರಿನ ಚಾಕುಗಾರರು ಮೊದಲು ಅವನನ್ನು ಕೊಯ್ಯದ ಚಾಕುಗಳ ಜನಕನೆಂದು ಹಾಸ್ಯಮಾಡಿದರು. ಮುಂದೆ ಹದ ಕೊಡುವ ಬಗೆ ತಿಳಿದ ಮೇಲೆ ಅದೇ ಉಕ್ಕು ಲೋಕವನ್ನೆಲ್ಲ ವ್ಯಾಪಿಸಿತು. ಸ್ವಿಟ್ಝರ್ಲಂಡದಲ್ಲಿ ೧೮೯೧ರಿಂದ ಸಿಪಾಯಿಗಳಿಗೆ ಮಡಚುವ ಚಾಕುಗಳನ್ನು ಮಾಡಿಕೊಡುತ್ತಿದ್ದ ಕಾರ್ಲ್ ಎಲ್ಸೆನರನ ಕಾರಖಾನೆಯು ತನ್ನ ತಾಯಿಯ ಹೆಸರಾದ ವಿಕ್ಟೋರಿಯಾಕ್ಕೆ ‘ಇನಾಕ್ಸ್’ ಎಂಬ ಶಬ್ದವನ್ನು ಕೂಡಿಸಿ, ೧೯೨೧ರಲ್ಲಿ ‘ವಿಕ್ಟೋರಿನಾಕ್ಸ್’ ಎಂದು ಕರೆದುಕೊಂಡಿತು. ಇನಾಕ್ಸ್ ಎಂದರೆ ಫ್ರೆಂಚ್ ಭಾಷೆಯಲ್ಲಿ ಜಂಗು ಹತ್ತದ ಉಕ್ಕು. ಅಲಗಿನ ಮೇಲೆ ಆ ಅಚ್ಚನ್ನು ಕಂಡರೆ ಅರ್ಥವಿಷ್ಟೇ.

ಈಗ ಪೇಟೆಯಲ್ಲಿ ಸಿಗುವ ಉಕ್ಕುಗಳ ಜಾತಿಯನ್ನು ಸಂಕ್ಷೇಪವಾಗಿ ಹೇಳುವೆವು. ಅಗ್ಗದ ಚಾಕುಗಳಲ್ಲಿ ಹೆಚ್ಚಾಗಿ ಇರುವದು ೪೨೦ ಎಂಬ ಅಂಕೆಯ ಉಕ್ಕು. ಅದರಲ್ಲಿ ಕ್ರೋಮಿಯಮ್ ೧೨ರಿಂದ ೧೪ ಪಾಲು, ಇಂಗಾಲ ಸ್ವಲ್ಪ. ಜಂಗು ಬೇಗ ಹತ್ತದು, ಹರಿತ ಬೇಗ ಹೋಗುವದು. ಆದರೆ ಮಸೆಗಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಮತ್ತೆ ಬರುವದು. ೪೪೦ಸಿ ಎಂಬುದರಲ್ಲಿ ಕ್ರೋಮಿಯಮ್ ೧೬ರಿಂದ ೧೮ ಪಾಲಿದ್ದು ಇಂಗಾಲ ಸುಮಾರು ಒಂದು ಪಾಲಿರುವದು. ಹರಿತವು ಬಹುಕಾಲ ನಿಲ್ಲುವದು. ಸ್ವೀಡನದ ೧೪ಸಿ೨೮ಎನ್ ಎಂಬುದು ೧೪ ಪಾಲು ಕ್ರೋಮಿಯಮ್ಮಿನ ಜೊತೆಗೆ ಸ್ವಲ್ಪ ಸಾರಜನಕ ಬೆರೆತ ಉಕ್ಕು. ಮನೆತನದ ಬಳಕೆಗೆ ಬಹಳ ಒಳ್ಳೆಯದು. ಡಿ-೨ ಎಂಬುದು ಬಹಳ ಗಟ್ಟಿಯಾದದ್ದು. ಅದರಲ್ಲಿಯ ಕ್ರೋಮಿಯಮ್ ಸುಮಾರು ೧೨ ಪಾಲಾದರೂ ಅದನ್ನು ಜಂಗು ಹತ್ತದ ಉಕ್ಕೆಂದು ಎಣಿಸಲಾಗದು. ಇದೇಕೆ ಹೀಗೆ? ಇಂಗಾಲವು ಕ್ರೋಮಿಯಮ್ಮನ್ನು ತನ್ನ ಕಡೆಗೆ ಎಳೆದುಕೊಂಡು ಗಟ್ಟಿಯಾದ ಹರಳುಗಳನ್ನು ಕಟ್ಟುವದು. ಹರಳಿನಲ್ಲಿ ಸಿಕ್ಕಿಕೊಂಡ ಕ್ರೋಮಿಯಮ್ ಪೊರೆ ಹೊದಿಸುವ ಕೆಲಸಕ್ಕೆ ಬಾರದು. ಕಣಜದಲ್ಲಿ ಬೀಗ ಹಾಕಿದ ಜೋಳ ಹಸಿದವನಿಗೆ ಇಲ್ಲದಂತೆಯೇ ಆಯಿತಷ್ಟೆ! ಆದ್ದರಿಂದ ಒಟ್ಟು ಪಾಲನ್ನು ಮಾತ್ರ ನೋಡಿ ಮೋಸಹೋಗಬಾರದು. ೨೦೨೧ರಲ್ಲಿ ಹೊರಬಿದ್ದ ಮ್ಯಾಗ್ನಾಕಟ್ ಎಂಬ ಉಕ್ಕಿನಲ್ಲಿ ಕ್ರೋಮಿಯಮ್ ಹನ್ನೊಂದು ಪಾಲಿಗಿಂತಲೂ ಕಡಿಮೆಯಿದ್ದರೂ, ಅದು ಹರಳುಗಟ್ಟದೆ ಉಳಿಯುವಂತೆ ಬೆರಕೆಯನ್ನು ಹೂಡಿರುವದರಿಂದ ಜಂಗನ್ನು ಚೆನ್ನಾಗಿ ತಡೆಯುವದು.

ಕಡಲಿಗೆಂದೇ ಮಾಡಿದ ಉಕ್ಕುಗಳು ಬೇರೆಯೇ ಇವೆ. ಅವುಗಳಲ್ಲಿ ಇಂಗಾಲವನ್ನು ಬಹುಮಟ್ಟಿಗೆ ಬಿಟ್ಟು ಅದರ ಕೆಲಸವನ್ನು ಸಾರಜನಕಕ್ಕೆ ವಹಿಸಿರುವರು. ಜಪಾನದ ಎಚ್-೧ ಎಂಬುದು ಅಂಥದು. ಎಲ್‌ಸಿ-೨೦೦ಎನ್ ಎಂಬ ಇನ್ನೊಂದರ ಬೆರಕೆಯು ಮೂಲತಃ ವಿಮಾನಯಂತ್ರಗಳ ಬೇರಿಂಗುಗಳಿಗಾಗಿ ಹುಟ್ಟಿದ್ದು. ಅದರಲ್ಲಿ ೧೫ ಪಾಲು ಕ್ರೋಮಿಯಮ್, ಸುಮಾರು ೦.೪ ಪಾಲು ಸಾರಜನಕ. ಬೆಲೆ ಹೆಚ್ಚು. ದೋಣಿಯ ಮೇಲೆ ದಿನಾಲು ದುಡಿಯುವವನಿಗೆ ಅದು ದುಂದಲ್ಲ. ಮನೆಯಲ್ಲಿ ಕಾಯಿಪಲ್ಯ ಹೆಚ್ಚಿ, ತೋಟದಲ್ಲಿ ಸುತಳಿ ಹರಿಯುವವನಿಗೆ ಅದು ಬೇಕಿಲ್ಲ. ೪೨೦ರದಾಗಲಿ ೧೪ಸಿ೨೮ಎನ್ ಉಕ್ಕಿನದಾಗಲಿ ಸಾಕಾಗುವದು.

ಉಕ್ಕನ್ನು ಆರಿಸಿದ ಮೇಲೆ ಅಂಗಾಂಗಗಳನ್ನು ನೋಡಬೇಕು. ಕೀಲಿನ ಮೊಳೆ, ಒಳಗಿನ ತಗಡು, ಸ್ಪ್ರಿಂಗು ಇವು ಕೂಡ ಜಂಗು ಹತ್ತದ ಉಕ್ಕಿನವೇ ಎಂದು ಕೇಳಿ ತಿಳಿಯಬೇಕು. ಹಿತ್ತಾಳೆಯ ಮೊಳೆಯು ನೋಡಲು ಚಂದ. ಆದರೆ ಉಪ್ಪುನೀರಿನಲ್ಲಿ ಎರಡು ಜಾತಿಯ ಲೋಹಗಳು ಒಂದಕ್ಕೊಂದು ತಾಗಿದ್ದರೆ ಅವುಗಳಲ್ಲಿ ದುರ್ಬಲವಾದದ್ದು ಬೇಗನೆ ಸವೆಯುವದು. ಕಟ್ಟಿಗೆಯ ಹಿಡಿ ನೀರು ಕುಡಿದು ಉಬ್ಬಿದರೆ ಅಲಗು ಸಿಕ್ಕಿಕೊಳ್ಳುವದು. ತೇವದಲ್ಲಿ ದುಡಿಯುವವರಿಗೆ ನೈಲಾನಿನಂಥ ಹಿಡಿಯೇ ಲೇಸು. ಹಿಡಿಯು ಒಳಗಿನಿಂದ ತೆರೆದಿದ್ದು, ನೀರು ಸುರಿದರೆ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೊರಬೀಳುವಂತಿರಬೇಕು. ಬಿಚ್ಚಿದ ಅಲಗು ತಾನೇ ಮಡಚಿ ಬೆರಳಿನ ಮೇಲೆ ಬೀಳದಂತೆ ತಡೆಯುವ ಚಿಲಕವಿರಬೇಕು. ಲಿಂಬೆಯ ಮುಳ್ಳುಗಿಡದಲ್ಲಿ ನೀರುಚಿಗುರು ಕೊಯ್ಯುವವನಿಗೆ ಈ ಚಿಲಕವು ಬೆರಳು ಉಳಿಸುವ ಸಾಧನ. ದೋಣಿಯವರ ಚಾಕುವಿಗೆ ಮೊನೆಯಿಲ್ಲದಿರುವದು ಒಳ್ಳೆಯದು. ತೆಪ್ಪ ಓಲಾಡುವಾಗ ಮೊನೆಯು ಹಗ್ಗಕ್ಕಿಂತ ಮೊದಲು ತೊಡೆಯನ್ನು ಹೊಗುವದು. ಅಲಗಿನ ಅರ್ಧಭಾಗಕ್ಕೆ ಹಲ್ಲುಗಳಿದ್ದರೆ ಒದ್ದೆಯಾದ ನೈಲಾನಿನ ಹಗ್ಗ ಜಾರದೆ ಹರಿಯುವದು. ಹಿಡಿಯ ತುದಿಯಲ್ಲಿ ದಾರ ಪೋಣಿಸುವ ತೂತು ಇರಲಿ. ಬಣ್ಣ ಹಳದಿ ಇಲ್ಲವೆ ಕೆಂಪಿರಲಿ. ಒಂದೇ ಕೈಯಿಂದ, ಅದೂ ಒದ್ದೆಗೈಯಿಂದ, ಬಿಚ್ಚಲು ಬರುವದೋ ಎಂಬುದನ್ನು ಅಂಗಡಿಯಲ್ಲಿಯೇ ಹತ್ತು ಸಲ ಮಾಡಿ ನೋಡಬೇಕು.

ಪರೀಕ್ಷೆಯ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ಬಹುಜನರಲ್ಲಿದೆ. ಸ್ಟೀಲಿನ ಪಾತ್ರೆಗಳಿಗೆ ಅಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ಒಳ್ಳೆಯದೆನ್ನುವರು. ಈ ಪರೀಕ್ಷೆ ಚಾಕುವಿಗೆ ಸಲ್ಲದು. ಪಾತ್ರೆಯ ಉಕ್ಕಿನಲ್ಲಿ ನಿಕ್ಕೆಲ್ ಇರುವದರಿಂದ ಅದು ಅಯಸ್ಕಾಂತಕ್ಕೆ ಒಲಿಯದು. ಅದಕ್ಕೆ ಕಾಯಿಸಿ ಹದ ಕೊಡಲೂ ಬಾರದು. ಚಾಕುವಿನ ಉಕ್ಕು ಜಂಗು ಹತ್ತದ್ದಾದರೂ ಪ್ರಾಯಶಃ ಅಯಸ್ಕಾಂತಕ್ಕೆ ಅಂಟಿಯೇ ತೀರುವದು. ನಮ್ಮ ಪರೀಕ್ಷೆ ಅಡಿಗೆಮನೆಯದು. ಲಿಂಬೆಯ ಹೋಳಿಗೆ ಚಿಟಿಕೆ ಉಪ್ಪು ಹಚ್ಚಿ ಅಲಗಿಗೂ ಕೀಲಿನ ಮೇಲ್ಭಾಗಕ್ಕೂ ಒರೆಸಿ, ಒಂದು ತಾಸು ಬಿಟ್ಟು, ಸಿಹಿನೀರಿನಿಂದ ತೊಳೆದು ನೋಡಿರಿ. ಸಾದಾ ಉಕ್ಕು ಕಪ್ಪಾಗುವದು. ಒಳ್ಳೆಯದು ಮೊದಲಿನಂತೆಯೇ ಇರುವದು. ಉಪ್ಪಿನಕಾಯಿಯ ಭರಣಿಯಲ್ಲಿ ಕೂಡುವ ಈ ಎರಡೂ ವೈರಿಗಳನ್ನು ಎದುರಿಸಿದ ಚಾಕುವು ನಿಮ್ಮ ಮನೆಯಲ್ಲಿ ಬಾಳುವದೆಂದು ನಂಬಬಹುದು.

ಜಂಗು ಹತ್ತದ ಉಕ್ಕೆಂದರೆ ಆರೈಕೆ ಬೇಡದ ಉಕ್ಕೆಂದು ತಿಳಿಯಬಾರದು. ಕೆಲಸ ಮುಗಿದ ಮೇಲೆ ಸಿಹಿನೀರಿನಲ್ಲಿ ಬಿಚ್ಚಿ ತೊಳೆದು, ಒರೆಸಿ, ಬಿಚ್ಚಿದಂತೆಯೇ ಗಾಳಿಗೆ ಆರಿಸಿ ಆಮೇಲೆ ಮಡಚಬೇಕು. ಇಟ್ಟಿಗೆಯ ಪುಡಿ, ಮರಳುಗಳಿಂದ ತಿಕ್ಕಿ ಹೊಳೆಯಿಸುವದು ಬೇಡ; ಆ ಗೀರುಗಳಲ್ಲಿಯೇ ಉಪ್ಪು ಮನೆಮಾಡುವದು. ಕೀಲಿಗೆ ಎಣ್ಣೆ ಬಿಡಬೇಕು; ಆದರೆ ನಮ್ಮ ಸೀಮೆಯ ಕುಸುಬೆಯ ಎಣ್ಣೆಯನ್ನು ಬಿಡಬಾರದು. ಅದು ಗಾಳಿಗೆ ಒಣಗಿ ಅಂಟಾಗುವ ಎಣ್ಣೆ. ಕೆಲವು ತಿಂಗಳಲ್ಲಿ ಕೀಲನ್ನು ಗೋಂದಿನಂತೆ ಹಿಡಿದುಬಿಡುವದು. ಹೊಲಿಗೆಯಂತ್ರದ ಎಣ್ಣೆಯ ಒಂದು ಹನಿ ಕೀಲಿಗೆ ಸಾಕು. ತಿನ್ನುವ ಪದಾರ್ಥ ಹೆಚ್ಚುವ ಅಲಗಿಗೆ ಕೊಬ್ಬರಿ ಎಣ್ಣೆ ಒರೆಸಿದರಾಯಿತು. ಸಾಣೆಯವನ ಒಣಚಕ್ರದ ಮೇಲೆ ಕಿಡಿ ಹಾರುವಂತೆ ಹಿಡಿಸಬೇಡಿರಿ. ಬಾಯಿಯ ಮೇಲೆ ನೀಲಿಬಣ್ಣ ಮೂಡಿತೆಂದರೆ ಹದ ಹೋಯಿತೆಂದೇ ತಿಳಿಯಬೇಕು.

ಲಿಂಬೆಯ ತೋಟದವರಿಗೆ ಇನ್ನೊಂದು ಮಾತು. ಕಜ್ಜಿರೋಗ ಹತ್ತಿದ ಟೊಂಗೆಯನ್ನು ಕೊಯ್ದ ಚಾಕುವಿನಿಂದ ನೀರೋಗಿ ಗಿಡವನ್ನು ಕೊಯ್ದರೆ ರೋಗಾಣುಗಳನ್ನು ನಾವೇ ಹೊತ್ತು ಹಂಚಿದಂತಾಗುವದು. ಆದಕಾರಣ ಗಿಡಗಿಡಕ್ಕೂ ಅಲಗನ್ನು ಶುದ್ಧಗೊಳಿಸಬೇಕು. ಅದಕ್ಕಾಗಿ ಬ್ಲೀಚಿಂಗ್ ಪುಡಿಯ ನೀರನ್ನು ಬಳಸಿದರೆ ರೋಗಾಣುಗಳೇನೋ ಸಾಯುವವು, ಜೊತೆಗೆ ಅಲಗೂ ಕೆಡುವದು; ಒಳ್ಳೆಯ ಉಕ್ಕಿಗೂ ಆ ನೀರು ಶತ್ರು. ಔಷಧಿ ಅಂಗಡಿಯ ಸ್ಪಿರಿಟಿನಿಂದ ಒರೆಸುವದು ಮೇಲು. ಬ್ಲೀಚಿಂಗ್ ನೀರೇ ಗತಿಯಾದರೆ ಕೆಲಸ ಮುಗಿದ ಕೂಡಲೆ ಸಿಹಿನೀರಿನಿಂದ ಎರಡು ಸಲ ತೊಳೆಯಬೇಕು.

ಕಾಯದೆಯ ಮಾತನ್ನೂ ಮರೆಯಬಾರದು. ಮನೆಯ, ಒಕ್ಕಲುತನದ, ಕೈಗಾರಿಕೆಯ ಉಪಕರಣಗಳನ್ನು ಬಿಟ್ಟು, ಒಂಬತ್ತು ಅಂಗುಲಕ್ಕಿಂತ ಉದ್ದ ಇಲ್ಲವೆ ಎರಡು ಅಂಗುಲಕ್ಕಿಂತ ಅಗಲದ ಅಲಗುಗಳನ್ನು ೨೦೧೬ರ ನಿಯಮಗಳು ಆಯುಧಗಳೆಂದು ಎಣಿಸುತ್ತವೆ. ಗೃಹಸ್ಥನಿಗೆ ಮೂರು ಅಂಗುಲದ ಅಲಗು ಧಾರಾಳವಾಯಿತು. ವಿಮಾನದಲ್ಲಿ ಕೈಚೀಲದೊಳಗೆ ಚಾಕುವನ್ನು ಒಯ್ಯಗೊಡುವದಿಲ್ಲ. ಮನೆಯಲ್ಲಿ ಮಕ್ಕಳ ಕೈಗೆ ಎಟುಕದ ಗೂಡಿನಲ್ಲಿ ಅದರ ಸ್ಥಾನವಿರಲಿ.

ನಮ್ಮ ಹಳೆಯ ಚಾಕುವಿಗೆ ಕಂಬಾರನು ಹೊಸ ಮೊಳೆ, ಹೊಸ ಸ್ಪ್ರಿಂಗು ಹಾಕಿಕೊಟ್ಟನು. ಈಗಲೂ ಅದು ನಮ್ಮ ಕಿಸೆಯಲ್ಲಿಯೇ ಇದೆ. ಪ್ರತಿ ಅಮಾವಾಸ್ಯೆಗೆ ಅದನ್ನು ಬಿಚ್ಚಿ ತೊಳೆದು, ಒಂದು ಹನಿ ಎಣ್ಣೆ ಬಿಟ್ಟು, ಹತ್ತು ಸಲ ತೆರೆದು ಮುಚ್ಚುವದನ್ನು ರೂಢಿಮಾಡಿಕೊಂಡಿದ್ದೇವೆ. ಆ ಕರು ಬೆಳೆದು ಆಕಳಾಗಿ ಈಗ ಹಾಲು ಕೊಡುತ್ತಿದೆ. ಅದರ ಕೊರಳ ಹಗ್ಗವನ್ನು ಕಂಡಾಗಲೆಲ್ಲ ನಮ್ಮ ಕೈ ತಾನಾಗಿಯೇ ಕಿಸೆಯನ್ನು ಮುಟ್ಟಿ ನೋಡುವದು. ವಾಚಕರೂ ಇಂದು ಈ ಪುಟವನ್ನು ಮಡಚಿಡುವ ಮುನ್ನ ತಮ್ಮ ಮನೆಯ ಚಾಕುವನ್ನು ಒಮ್ಮೆ ಬಿಚ್ಚಿ ನೋಡುವರೆಂದು ಆಶಿಸುತ್ತೇವೆ.